ಜಗಳಕ್ಕೂ ಮೊದಲು ಕಲ್ಲು ಉಳಿಯಲಿ

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯ ಮೇಲೆ ಚಂದ್ರಲಾಂಬಾ ಪರಮೇಶ್ವರಿಯ ಗುಡಿ ಇದೆ. ಅದೇ ಆವರಣದ ಕಾಳಿ ಗುಡಿಯ ಛಾವಣಿ 1986ರಲ್ಲಿ ಕುಸಿದು ಮೂರ್ತಿ ಒಡೆಯಿತು. ಆಮೇಲೆ ಆ ಮೂರ್ತಿಯ ಕೆಳಗಿದ್ದ ಪೀಠದ ಕಲ್ಲನ್ನು ನೋಡಿದರೆ ಅದರ ಎರಡೂ ಮಗ್ಗುಲಲ್ಲಿ ಬ್ರಾಹ್ಮಿ ಅಕ್ಷರಗಳು! ಅಶೋಕನ ಶಾಸನ, 2,200 ವರ್ಷಕ್ಕೂ ಹಳೆಯದು. ಮೂರ್ತಿ ಕೂರಿಸಲು ಯಾವುದೋ ಕಾಲದಲ್ಲಿ ಆ ಕಲ್ಲಿನ ನಡುವೆ ದೊಡ್ಡ ಚೌಕ ತೂತು ಕೊರೆದಿದ್ದರು. ಆ ತೂತಿನಲ್ಲಿ ಹೋದ ಅಕ್ಷರಗಳು ಹೋದವು. ಉಳಿದದ್ದು ನಮ್ಮ ಪುಣ್ಯ.

ಉಳಿದದ್ದರಲ್ಲಿ ಏನಿದೆ? ಒಂದು ಮಗ್ಗುಲಲ್ಲಿ ಅಶೋಕನ 12ನೆಯ ಮತ್ತು 14ನೆಯ ಶಾಸನಗಳ ಭಾಗಗಳು. 12ನೆಯದರಲ್ಲಿ ಅವನು ಹೇಳುವುದು ಇಷ್ಟು: ತನ್ನ ಪಂಥದ ಮೇಲಿನ ಅಭಿಮಾನಕ್ಕೆ ಬೇರೆಯವರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚು ಕೇಡು ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯಬೇಕು. ಇನ್ನೊಂದು ಮಗ್ಗುಲಲ್ಲಿ, ‘ಎಲ್ಲ ಮನುಷ್ಯರೂ ನನ್ನ ಮಕ್ಕಳು’ ಎಂಬ ಮಾತು ಬರುವ ಪ್ರತ್ಯೇಕ ಶಾಸನಗಳು. ಅಲ್ಲಿಯವರೆಗೆ ಅವು ಸಿಕ್ಕಿದ್ದು ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ. ಯುದ್ಧದಲ್ಲಿ ನೊಂದ ಕಳಿಂಗದವರಿಗಾಗಿಯೇ ಅಶೋಕ ಬರೆಸಿದ್ದು ಅಂತ ವಿದ್ವಾಂಸರು ನಂಬಿದ್ದರು. ನಮ್ಮ ಸನ್ನತಿಯ ಒಂದು ಕಲ್ಲು ಆ ನಂಬಿಕೆಯನ್ನು ಅಲುಗಾಡಿಸಿತು. ಇತಿಹಾಸಕಾರರು ಪುಸ್ತಕ ತಿದ್ದಿಕೊಂಡರು, ಹೊಸದಾಗಿ ಯೋಚಿಸಿದರು. ಈ ವಿದ್ಯೆಯ ಬಗ್ಗೆ ನನಗಿರುವ ಗೌರವ ಇದೇ ಕಾರಣಕ್ಕೆ: ಆಧಾರ ಬಂದರೆ ದೊಡ್ಡವರ ಮಾತೂ ಬದಲಾಗುತ್ತದೆ.

ಸನ್ನತಿಗೆ ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಉತ್ಖನನ ನಡೆದು ದೊಡ್ಡ ಸ್ತೂಪವೊಂದು ಹೊರಬಂತು. ಅಲ್ಲಿನ ಒಂದು ಶಿಲಾಫಲಕದಲ್ಲಿ ರಾಜ, ರಾಣಿ, ಪರಿಚಾರಿಕೆಯರು ಇದ್ದಾರೆ. ಮೇಲೆ ‘ರಾಯೊ ಅಸೋಕೊ’ ಎಂಬ ಬರಹ. ಈ ಚಿತ್ರ ನಮ್ಮ ಗ್ರೂಪುಗಳಲ್ಲಿ ‘ಅಶೋಕನ ನಿಜವಾದ ಮುಖ’ ಅಂತ ಓಡಾಡುತ್ತದೆ. ಹೆಮ್ಮೆ ನನಗೂ ಇದೆ. ಆದರೆ ಅದನ್ನು ಕೆತ್ತಿದ್ದು ಶಾತವಾಹನರ ಕಾಲದಲ್ಲಿ, ಅಶೋಕ ಸತ್ತು ತಲೆಮಾರುಗಳು ಕಳೆದ ಮೇಲೆ. ಕೆತ್ತಿದ ಶಿಲ್ಪಿ ಅವನನ್ನು ಕಂಡಿರಲಿಲ್ಲ. ಹಾಗಾಗಿ ಆ ಕಲ್ಲು ಅಶೋಕ ಹೇಗಿದ್ದ ಅಂತ ಹೇಳುವುದಿಲ್ಲ. ಪಾಟಲಿಪುತ್ರದ ಅರಸನನ್ನು ಭೀಮಾ ತೀರದ ಜನ ಅಷ್ಟು ಕಾಲದ ಮೇಲೂ ಹೆಸರಿಟ್ಟು ನೆನೆಯುತ್ತಿದ್ದರು ಅಂತ ಹೇಳುತ್ತದೆ. ನನಗಂತೂ ಇದು ಮುಖಕ್ಕಿಂತ ದೊಡ್ಡ ಸಂಗತಿ.

ನಾನು ಕಲಬುರಗಿಯಲ್ಲಿ ಹುಡುಗರಿಗೆ ಇತಿಹಾಸ ಪಾಠ ಹೇಳುವವನು. ಅವರಿಗೆ ಮೊದಲು ಕಲಿಸಲು ಹೆಣಗುವುದು ಇಸವಿಗಳನ್ನಲ್ಲ, ಈ ಮೂರು ಪ್ರಶ್ನೆಗಳನ್ನು: ಯಾರು ಹೇಳಿದರು, ಯಾವಾಗ ಹೇಳಿದರು, ಅವರಿಗೆ ಹೇಗೆ ಗೊತ್ತು?

ಕಲಬುರಗಿಯಲ್ಲಿ ಬಹಮನಿ ರಾಜ್ಯ ಕಟ್ಟಿದ ಹಸನ್ ಗಂಗೂನ ಕಥೆ ನೋಡಿ. ಕೋಟೆ ನೋಡಲು ಬಂದವರಿಗೆಲ್ಲ ನಮ್ಮವರು ಹೇಳುವ ಕಥೆ ಇದು. ದೆಹಲಿಯಲ್ಲಿ ಗಂಗು ಎಂಬ ಬ್ರಾಹ್ಮಣ ಜ್ಯೋತಿಷಿಯ ಹೊಲದಲ್ಲಿ ಹಸನ್ ದುಡಿಯುತ್ತಿದ್ದ, ಉಳುವಾಗ ನಿಧಿ ಸಿಕ್ಕಿತು, ಪ್ರಾಮಾಣಿಕವಾಗಿ ಒಡೆಯನಿಗೆ ಒಪ್ಪಿಸಿದ, ‘ನೀನು ರಾಜನಾಗುತ್ತೀ, ಆಗ ನನ್ನ ಹೆಸರು ಇಟ್ಟುಕೋ’ ಅಂದ ಗಂಗು, ಆ ಬ್ರಾಹ್ಮಣನ ನೆನಪಿಗೇ ‘ಬಹಮನಿ’. ಚಂದದ ಕಥೆ, ಎರಡು ಸಮುದಾಯಗಳನ್ನು ಕೂಡಿಸುವ ಕಥೆ. ನಿಜವಾಗಿರಲಿ ಅಂತ ಮನಸ್ಸು ಬಯಸುತ್ತದೆ.

ಮೂರು ಪ್ರಶ್ನೆ ಕೇಳೋಣ. ಹೇಳಿದವನು ಫರಿಷ್ತಾ. ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ, 17ನೆಯ ಶತಮಾನದ ಆರಂಭದಲ್ಲಿ ಬರೆದವನು. ಹಸನ್ ಗದ್ದುಗೆ ಏರಿದ್ದು 1347ರಲ್ಲಿ. ನಡುವೆ ಎರಡೂವರೆ ಶತಮಾನದ ಅಂತರ. ಹಸನ್‌ನ ಆಶ್ರಯದಲ್ಲೇ ಇದ್ದ ಇಸಾಮಿ ಎಂಬ ಕವಿ 1350ರಲ್ಲಿ ಮುಗಿಸಿದ ಪಾರಸಿ ಕಾವ್ಯದಲ್ಲಿ ಹೊಲ, ನಿಧಿ, ಜ್ಯೋತಿಷಿಯ ಈ ಕಥೆ ಇಲ್ಲ. ಅರಸನ ನಾಣ್ಯಗಳ ಮೇಲೆ ಇರುವುದು ‘ಬಹ್ಮನ್ ಶಾ’. ಇರಾನಿನ ಪುರಾಣದ ವೀರ ಬಹ್ಮನ್‌ನ ವಂಶದವನು ತಾನು ಎಂಬ ಹೇಳಿಕೆ. ಬ್ರಾಹ್ಮಣ ಶಬ್ದಕ್ಕೂ ಅದಕ್ಕೂ ನಂಟಿಲ್ಲ. ಆ ಇರಾನಿ ವಂಶಾವಳಿಯನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ ಅನ್ನಿ. ಹೊಸ ಅರಸರಿಗೆಲ್ಲ ಹಳೆಯ ದೊಡ್ಡ ಮನೆತನ ಬೇಕಾಗುತ್ತದೆ. ಸೂರ್ಯವಂಶ, ಚಂದ್ರವಂಶ ಅಂತ ನಮ್ಮ ಅರಸರೂ ಬರೆಸಿಕೊಂಡರಲ್ಲ.

ಹಾಗಾದರೆ ಫರಿಷ್ತಾನ ಕಥೆ ಕಸಕ್ಕೆ ಹೋಗಬೇಕೇ? ಖಂಡಿತ ಬೇಡ. 1347ರ ಬಗ್ಗೆ ಅದು ದುರ್ಬಲ ಸಾಕ್ಷಿ, ಸರಿ. ಆದರೆ 1600ರ ಸುಮಾರಿಗೆ ದಖನ್ನಿನಲ್ಲಿ ಬರೆಯಲು ಕೂತವನೊಬ್ಬನಿಗೆ, ಇಲ್ಲಿನ ಮೊದಲ ಸುಲ್ತಾನನ ಭಾಗ್ಯ ಒಬ್ಬ ಬ್ರಾಹ್ಮಣನ ಹೊಲದಲ್ಲಿ ಶುರುವಾಯಿತು ಅನ್ನುವುದು ನಂಬುವ ಹಾಗೆ, ಹೇಳುವ ಹಾಗೆ ಕಂಡಿತು. ಆ ಕಾಲದ ಮನಸ್ಸಿಗೆ ಇದು ಗಟ್ಟಿ ಸಾಕ್ಷಿ. ಒಂದೇ ಬರಹ ಒಂದು ಪ್ರಶ್ನೆಗೆ ಪೊಳ್ಳು, ಇನ್ನೊಂದಕ್ಕೆ ಬಂಗಾರ. ಇಷ್ಟು ತಿಳಿದರೆ ಅರ್ಧ ಜಗಳ ಮುಗಿಯುತ್ತದೆ.

ಮುಗಿಯುತ್ತಿಲ್ಲ. ಸೆಪ್ಟೆಂಬರ್ ಬಂತೆಂದರೆ ನಮ್ಮ ಕಡೆ, ನಿಜಾಮನ ಹೈದರಾಬಾದ್ ರಾಜ್ಯ ಭಾರತಕ್ಕೆ ಸೇರಿದ 1948ರ ಜಗಳ ಶುರು. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಆ ವರ್ಷದ ಮೇನಲ್ಲಿ ನಿಜಾಮನ ಪರ ಇದ್ದ ಖಾಸಗಿ ಪಡೆಯವರು, ಅಂದರೆ ರಜಾಕಾರರು, ನಡೆಸಿದ ಕೊಲೆಗಳನ್ನು ಒಬ್ಬರು ಹೇಳುತ್ತಾರೆ. ಭಾರತದ ಸೈನ್ಯ ಬಂದ ‘ಪೊಲೀಸ್ ಆ್ಯಕ್ಷನ್’ ಆದಮೇಲೆ ಮುಸ್ಲಿಮರ ಮೇಲೆ ನಡೆದ ಹತ್ಯೆಗಳನ್ನು ಇನ್ನೊಬ್ಬರು ಹೇಳುತ್ತಾರೆ. ಎರಡೂ ನಡೆದದ್ದೇ. ಎರಡನೆಯದನ್ನು ವಿಚಾರಿಸಲು ಭಾರತ ಸರ್ಕಾರವೇ ಪಂಡಿತ ಸುಂದರಲಾಲ್ ತಂಡವನ್ನು ಕಳಿಸಿತ್ತು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಒಂದು ನೋವನ್ನು ಹೇಳುವವರು ಇನ್ನೊಂದನ್ನು ಮುಚ್ಚಬೇಕು ಅಂತ ಯಾರು ಹೇಳಿಕೊಟ್ಟರೋ! ನನ್ನ ಕಣ್ಣಿಗೆ ಇದೇ ದೊಡ್ಡ ಅನ್ಯಾಯ. ಸತ್ತವರಿಗೆ ನಾವು ಕೊಡಬಹುದಾದದ್ದು ಉಳಿದಿರುವುದು ಒಂದೇ: ಅವರ ಬಗ್ಗೆ ನಿಜ ಹೇಳುವುದು.

ಆ ನಿಜ ಇರುವುದು ಕಡತದಲ್ಲಿ ಮಾತ್ರ ಅಲ್ಲ. ಆಗ ಮಕ್ಕಳಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. ನಮ್ಮ ಪರಿಚಯದ ಮನೆಯ ಹಿರಿಯರೊಬ್ಬರನ್ನು ‘ಮಿಲಿಟರಿ ಯಾವಾಗ ಬಂತು ಆಯಿ?’ ಅಂತ ಕೇಳಿದಾಗ, ‘ತಾರೀಖ್ ನನಗೇನ್ ಗೊತ್ತಪ್ಪಾ. ಹೆಸರು ರಾಶಿ ಮುಗ್ದಿತ್ತು, ತೊಗರಿ ಮೊಣಕಾಲ್ ಮಟ ಬಂದಿತ್ತು’ ಅಂದರು. ಹೆಸರು ರಾಶಿ ಮುಗಿದು ತೊಗರಿ ಏಳುವ ಹೊತ್ತು ಎಂದರೆ ಸೆಪ್ಟೆಂಬರ್ ಆಸುಪಾಸು. ಭಾರತದ ಸೈನ್ಯ ಗಡಿ ದಾಟಿದ್ದು ಸೆಪ್ಟೆಂಬರ್ 13ಕ್ಕೆ, ನಿಜಾಮ ಶರಣಾದದ್ದು 17ಕ್ಕೆ. ಕ್ಯಾಲೆಂಡರ್ ನೋಡದ ಹೆಣ್ಣುಮಗಳ ನೆನಪು ಸರ್ಕಾರಿ ಕಡತಕ್ಕೆ ತಾಳೆಯಾಯಿತು. ಅದೇ ಮಾತಿನಲ್ಲಿ ಅವರು ಹೇಳಿದ ಸೈನಿಕರ ಸಂಖ್ಯೆ ಮಾತ್ರ ನಂಬುವ ಹಾಗಿರಲಿಲ್ಲ. ಹೆದರಿದ ಮಗುವಿನ ಕಣ್ಣಿಗೆ ಹತ್ತು ಜನ ನೂರಾಗಿ ಕಾಣುತ್ತಾರೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೇ ಈ ಕಸುಬು. ಆದರೆ ಮೊದಲು ಅವರ ಮಾತನ್ನು ಯಾರಾದರೂ ಕೂತು ಕೇಳಿರಬೇಕಲ್ಲ? ಮೊಬೈಲ್ ಎಲ್ಲರ ಕೈಯಲ್ಲೂ ಇದೆ. ದೊಡ್ಡವರ ಅನುಮತಿ ಕೇಳಿ ರೆಕಾರ್ಡ್ ಮಾಡಿ. ನಡುವೆ ಬಾಯಿ ಹಾಕಬೇಡಿ. ಅವರ ಬಾಯಿಂದ ನಿಮಗೆ ಬೇಕಾದದ್ದನ್ನು ಹೊರಡಿಸಲು ಹೋಗಬೇಡಿ.

ಮನೆಯ ಟ್ರಂಕಿನಲ್ಲಿರುವ ಹಳೆಯ ಉರ್ದು ಕಾಗದ, ಮರಾಠಿಯ ಮೋಡಿ ಲಿಪಿಯ ಕಾಗದಗಳ ಗತಿಯೂ ಇದೇ. ಓದಲು ಬರುವುದಿಲ್ಲ ಅಂತ ದೀಪಾವಳಿಯ ಸ್ವಚ್ಛತೆಯಲ್ಲಿ ಒಲೆಗೆ ಹಾಕುತ್ತಾರೆ. ಹೊಲದ ತಕರಾರು ಕೋರ್ಟಿಗೆ ಹೋದಾಗ ಅದೇ ಕಾಗದ ಹುಡುಕುತ್ತಾರೆ.

ಕಲ್ಲಿನ ವಿಷಯಕ್ಕೆ ಬರುತ್ತೇನೆ. ಶಾಸನ ವಿದ್ವಾಂಸ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಶಾಸನಗಳನ್ನು ತಾಲ್ಲೂಕುವಾರು ಅಚ್ಚು ಹಾಕಿಸಲು ಶುರು ಮಾಡಿದ್ದು 19ನೆಯ ಶತಮಾನದ ಕೊನೆಗೆ. ನಾವು ನಿಜಾಮನ ರಾಜ್ಯದಲ್ಲಿದ್ದೆವು, ಆ ಕೆಲಸದ ಆಚೆಗೆ ಉಳಿದೆವು. ಆದರೆ ರಾಷ್ಟ್ರಕೂಟರ ಮಾನ್ಯಖೇಟ ನಮ್ಮ ಮಳಖೇಡ. ಚಾಲುಕ್ಯರ ಕಲ್ಯಾಣ ನಮ್ಮ ಬಸವಕಲ್ಯಾಣ. ಸುರಪುರದ ಕಡೆ ಇಸಾಂಪುರದಲ್ಲಿ ಆದಿಮಾನವರು ಕಲ್ಲಿನ ಕೊಡಲಿ ಮಾಡಿದ ಜಾಗಕ್ಕೆ ಸುಮಾರು 12 ಲಕ್ಷ ವರ್ಷ ಅಂತ ಲೆಕ್ಕ ಬಂದಿದೆ. ಇಂಥ ನೆಲದಲ್ಲಿ ಜೀರ್ಣೋದ್ಧಾರ ಅಂದಕೂಡಲೇ ಹಳೆಯ ಕಂಬಕ್ಕೆ ಆಯಿಲ್ ಪೇಂಟ್, ವೀರಗಲ್ಲಿಗೆ ಸುಣ್ಣ, ದಾನಶಾಸನ ಮೆಟ್ಟಿಲಿಗೆ. ಭಕ್ತಿಯಿಂದಲೇ ಮಾಡುತ್ತಾರೆ, ಬೈಯಲು ನನಗೆ ಮನಸ್ಸಿಲ್ಲ. ಆದರೆ ಶಾಸನ ಓದುವ ರೀತಿ ಕೇಳಿ: ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಅಕ್ಷರದ ತಗ್ಗಿಗೆ ಕೂರಿಸುತ್ತಾರೆ, ಮೇಲೆ ಮಸಿ ಒತ್ತಿದರೆ ಅಕ್ಷರ ಬೆಳ್ಳಗೆ ಉಳಿಯುತ್ತದೆ. ತಗ್ಗಿನಲ್ಲಿ ಪೇಂಟ್ ತುಂಬಿದ್ದರೆ ಕಾಗದ ಕೂರುವುದೆಲ್ಲಿ? ಅಚ್ಚು ಸರಿ ಬಂದರೆ ಶಕವರ್ಷ, ಸಂವತ್ಸರ, ತಿಥಿ, ವಾರ ಎಲ್ಲವನ್ನೂ ಲೆಕ್ಕ ಹಾಕಿ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಆಮೇಲೆ ಯಾರೋ ಹುಟ್ಟಿಸಿದ ಶಾಸನವೇ ಅಂತ ಶಂಕಿಸುತ್ತಾರೆ. ಹೊಲ ಕಬಳಿಸಲು ಸುಳ್ಳು ಶಾಸನ ಬರೆಸಿದವರು ಹಿಂದೆಯೂ ಇದ್ದರು.

ನಿಮ್ಮೂರ ಗುಡಿಯಲ್ಲೋ ದರ್ಗಾದಲ್ಲೋ ಮಠದಲ್ಲೋ ಕೆಲಸ ಶುರುವಾಗುವುದಿದ್ದರೆ, ಅದಕ್ಕೂ ಮೊದಲು ಒಮ್ಮೆ ಸುತ್ತು ಹಾಕಿ. ಅಕ್ಷರವಿರುವ ಕಲ್ಲು ಕಂಡರೆ ಬೆಳಗಿನ ಓರೆ ಬಿಸಿಲಿನಲ್ಲಿ, ಇಲ್ಲವೇ ರಾತ್ರಿ ಮಗ್ಗುಲಿನಿಂದ ಬ್ಯಾಟರಿ ಹಿಡಿದು ಫೋಟೋ ತೆಗೆಯಿರಿ. ಇಡೀ ಕಲ್ಲಿನದೊಂದು, ಹತ್ತಿರದಿಂದ ಕೆಲವು. ಗುಲಬರ್ಗಾ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಪುರಾತತ್ವ ಇಲಾಖೆಗೋ ತೋರಿಸಿ. ಕಲ್ಲನ್ನು ಕಿತ್ತು ಬೇರೆ ಕಡೆ ಒಯ್ಯಬೇಡಿ. ದಾನ ಕೊಟ್ಟದ್ದು ಯಾವ ಹೊಲ, ಯಾವ ಕೆರೆ ಎಂಬುದನ್ನು ಗುರುತಿಸಲು ಅದು ನಿಂತ ಜಾಗವೂ ಬೇಕಾಗುತ್ತದೆ. ಗೌಂಡಿಗೂ ಮೊದಲೇ ಒಂದು ಮಾತು ಹೇಳಿಡಿ.