ಫ್ಲ್ಯಾಂಕಿಂಗ್ ತಗದ್ ಒಗೀರಿ, ಕತ್ತಿ ಬೀಳ್ಸೋದ್ ಇಟ್ಕೊಳ್ರಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ ಡೈಸ್ ಎಸೆದು ಆಡೋ ಆಟ) ಆಡೋ ಮಂದಿಗೆ ಮಾತ್ರ ಈ ಪೋಸ್ಟು, ಉಳದವ್ರು ಸ್ಕ್ರೋಲ್ ಮಾಡ್ರಿ. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಾಗ, ಅಂದ್ರ ಆಟ ನಡೆಸವ್ರಿಗೆ ಇರೋ ಐದನೇ ಎಡಿಷನ್ ಪುಸ್ತಕದಾಗ, ಕೈ ಕೈ ಹೊಡದಾಟಕ್ಕ ಒಂದಿಷ್ಟು ಆಪ್ಷನಲ್ ರೂಲ್ಸ್ ಕೊಟ್ಟಾರ, ಬೇಕಂದ್ರ ಹಾಕ್ಕೊಳ್ರಿ ಬ್ಯಾಡಂದ್ರ ಬಿಡ್ರಿ ಅಂತ. ಅದ್ರಾಗ ಭಾಳ ಮಂದಿ ಮೊದಲ ಹಾಕ್ಕೊಳ್ಳೂದು ಫ್ಲ್ಯಾಂಕಿಂಗ್. ನನ್ನ ಕೇಳಿದ್ರ ಮೊದಲ ಒಗೀಬೇಕಾದದ್ದೂ ಅದ.

ಫ್ಲ್ಯಾಂಕಿಂಗ್ ಅಂದ್ರ ವೈರಿಯ ಈ ಕಡೆ ಒಬ್ಬ, ಸರಿಯಾಗಿ ಎದುರು ಕಡೆ ಇನ್ನೊಬ್ಬ ನಿಂತ್ರ ಇಬ್ರಿಗೂ ಅಡ್ವಾಂಟೇಜ್, ಅಂದ್ರ ಎರಡು ಡಿ20 (ಇಪ್ಪತ್ತು ಮುಖದ ಡೈಸ್) ಎಸೆದು ದೊಡ್ಡದನ್ನ ಇಟ್ಕೊಳ್ಳೂದು. 11 ಇಲ್ಲಾ ಅದಕ್ಕಿಂತ ಹೆಚ್ಚು ಬಿದ್ರ ತಾಗೋ ಪೆಟ್ಟು ಒಂದು ಡೈಸ್‌ನಾಗ 50 ಪರ್ಸೆಂಟ್ ಇದ್ದದ್ದು ಸೀದಾ 75ಕ್ಕ ಹೋಗ್ತದ. ಹಳೇ 3.5 ಎಡಿಷನ್‌ನಾಗ ಇದಕ್ಕ ಡೈಸಿನ ಅಂಕಿಗೆ ಬರೇ +2 ಇತ್ತು, ಮತ್ತ ವೈರಿ ಸುತ್ತ ಹಾಯ್ದು ಹಿಂದ ಹೋಗಬೇಕಾದ್ರ ನಡುವ ಅವನ ಕಡಿಂದ ಒಂದು ಪೆಟ್ಟು ತಿನ್ನೋ ಭಯಾನೂ ಇತ್ತು. ಐದನೇ ಎಡಿಷನ್‌ನಾಗ ಅವನ ಕೈಗೆ ಸಿಗೋ ದೂರ ದಾಟಿ ಹೊರಗ ಹೋದ್ರಷ್ಟ ಪೆಟ್ಟು, ಸುತ್ತು ಹಾಕಿದ್ರ ಕೇಳವ್ರ ಇಲ್ಲ. ಫುಕಟ್ ಸಿಗೋದು ಯಾರ್ ಬಿಡ್ತಾರ್ರಿ?

ಇದ್ರಾಗ ಸಾಯೋದು ಬಾರ್ಬೇರಿಯನ್ ಅನ್ನೋ ರೊಚ್ಚಿನ ಯೋಧನ ಪಾತ್ರದ ಮಜಾ. ಅವನ ರೆಕ್‌ಲೆಸ್ ಅಟ್ಯಾಕ್ ಅಂದ್ರ ನಾನೂ ಜೋರ್ ಹೊಡೀತೀನಿ ನೀವೂ ಹೊಡೀರಿ ಅಂತ ಎದಿ ಕೊಡೋದು, ಅವಗ ಅಡ್ವಾಂಟೇಜ್, ಅವನ ಮ್ಯಾಲ ಹೊಡಿಯೋರಿಗೂ ಅಡ್ವಾಂಟೇಜ್. ಇಲ್ಲೆ ಪುಣೆ ವಾಕಡದಾಗ ಧಾರವಾಡ ಬೆಳಗಾವಿ ಕಡೀದವ್ರು ನಾವೊಂದಿಷ್ಟು ಜನ ಶನಿವಾರ ಆಡ್ತೀವಿ, ನಮ್ಮ ಬಾರ್ಬೇರಿಯನ್ ಫ್ಲ್ಯಾಂಕಿಂಗ್ ಬಂದ ಮ್ಯಾಲ ಆ ಮಾತ ಎತ್ತಲಿಲ್ಲ, "ನಾ ಯಾಕ್ ಎದಿ ಕೊಡ್ಲಿ ಮಾರಾಯಾ, ಆ ಕಡೆ ಹೋಗಿ ನಿಂತ್ರ ಆತಲ್ಲ". ನಮ್ಮ ವೈರಿ ಗಾಬ್ಲಿನ್‌ಗೋಳಿಗೂ (ಸಣ್ಣ ರಾಕ್ಷಸಗೋಳು) ಇದ ರೂಲ್ ಅಲ್ಲೇನು, ನಮ್ಮ ಹಿಂದ ಅವು, ಅವುಗಳ ಹಿಂದ ನಾವು, ಕಡೀಕ ಮ್ಯಾಟ್ ಮ್ಯಾಲ ಸ್ವಾರಗೇಟ್ ಬಸ್ಸಿಗೆ ನಿಂತಂಗ ಒಂದ ಸಾಲು. ಗಾಬ್ಲಿನ್ ಅಂತ ಇಟ್ಟಿದ್ದ ಶೇಂಗಾದಾಗ ಎರಡು ಯಾರೋ ತಿಂದೂ ಬಿಟ್ಟಿದ್ರು, ಒಂದು ಸುತ್ತು ಯಾರಿಗೂ ಗೊತ್ತಾಗ್ಲಿಲ್ಲ, ಅಷ್ಟು ಬೋರ್ ಆಗಿತ್ತು ಆಟ.

ಅದ ಪುಸ್ತಕದಾಗ ಡಿಸಾರ್ಮ್ ಅದ, ಅಂದ್ರ ವೈರಿ ಕೈಯಾಗಿಂದು ಬೀಳ್ಸೋದು, ಅದನ್ಯಾಕ್ ಯಾರೂ ನೋಡೂದಿಲ್ಲ? ನಿಮ್ಮ ಅಟ್ಯಾಕ್ ರೋಲಿಗೆ ಎದುರು ಅವನ ಅಥ್ಲೆಟಿಕ್ಸ್ ಇಲ್ಲಾ ಆಕ್ರೊಬ್ಯಾಟಿಕ್ಸ್ (ಕಸುವಿಂದು ಇಲ್ಲಾ ಚುರುಕಿಂದು) ರೋಲು. ಗೆದ್ರ ಡ್ಯಾಮೇಜ್ ಇಲ್ಲ, ಅವನ ಕತ್ತಿ ಕೆಳಗ. ಅವ ಎರಡೂ ಕೈಲೆ ಹಿಡದಿದ್ರ ನಿಮಗ ಡಿಸ್‌ಅಡ್ವಾಂಟೇಜ್, ಎರಡು ಎಸೆದು ಸಣ್ಣದನ್ನ ಇಟ್ಕೊಳ್ಳೂದು. ಮಜಾ ಇರೋದು ಆಮ್ಯಾಲ, ಅವನ ಟರ್ನ್ ಬಂದ್ರ ಆ್ಯಕ್ಷನ್ ಖರ್ಚಿಲ್ಲದ ಬಗ್ಗಿ ಎತ್ಕೊಂಡ್‌ಬಿಡ್ತಾನ, ಅದಕ್ಕ ನಡುವ ನಮ್ಮವ ಇನ್ನೊಬ್ಬ ಓಡಿ ಅದನ್ನ ಎತ್ತಬೇಕು. ಆಗ ಟೇಬಲ್ ಮ್ಯಾಲ ಒದರಾಟ ಶುರು ಆಗ್ತದ ನೋಡ್ರಿ, "ಲೇ ನಿನ್ ಟರ್ನ್ ಯಾವಾಗ್ಲೇ, ಎತ್ತ್ ಅದನ್ನ!"

ಕ್ಲೀವಿಂಗೂ ಹಾಕ್ಕೊಳ್ರಿ, ಒಬ್ಬನ್ನ ಕೊಂದು ಉಳದ ಪೆಟ್ಟು ಬಾಜೂದವನಿಗೆ ಹೋಗೂದು. ಇನ್ನೂ ಪೆಟ್ಟು ತಿನ್ನದ ಗಾಬ್ಲಿನ್‌ಗೆ 7 ಹಿಟ್ ಪಾಯಿಂಟ್ (ಜೀವದ ಲೆಕ್ಕ), ಕೊಡಲಿ 15 ಹೊಡೀತು ಅಂದ್ರ ಉಳದ 8 ಬಾಜೂದವನಿಗೆ, ಅದ ರೋಲು ಅವಗೂ ತಾಗೋವಂಗಿದ್ರ. ಬಾರ್ಬೇರಿಯನ್ ತಾನ ಗುಂಪಿನಾಗ ನುಗ್ತಾನ.

ರೋಗ್ (ಕಳ್ಳನಂಗ ಹೊಂಚಿ ಹೊಡಿಯೋ ಪಾತ್ರ) ಆಡೋರು ಈಗ ಜಗಳಕ್ಕ ಬರ್ತೀರಿ, ಗೊತ್ತದ. ಬೇಕಾದ್ರ 3.5ದಂಗ +2 ತಗೊಳ್ರಿ. ನಿಮ್ಮ ಹೊಂಚಿನ ಪೆಟ್ಟು ಸ್ನೀಕ್ ಅಟ್ಯಾಕ್‌ಗೆ ವೈರಿಯ 5 ಅಡಿ ಒಳಗ ನಮ್ಮವ ಒಬ್ಬ ಇದ್ರ ಸಾಕು, ಎದುರುಬದುರು ನಿಂದ್ರೂ ಗರಜ ಮೊದಲ ನಿಮಗಿಲ್ಲ, ಇನ್ನೇನ್ ಬೇಕ್ರಿ?