ಬ್ಲಾಕ್ ಇದ್ದಾಗ ಪಿಂಕ್ ಹೊಡೆದವನ ಬಗ್ಗೆ

ನಿನ್ನೆ ಸಂಜೆ ಚಿಕ್ಕಮಗಳೂರಿನ ಒಂದು ಸ್ನೂಕರ್ ಪಾರ್ಲರಿನಲ್ಲಿ ಕಂಡದ್ದನ್ನು ಬರೆಯದೆ ಇರಲು ಆಗುತ್ತಿಲ್ಲ. ಹೊರಗೆ ಜಡಿಮಳೆ. ಒಳಗೆ ಹುಡುಗರೆಲ್ಲ ಒಂದೇ ಮೊಬೈಲಿಗೆ ಮುತ್ತಿಕೊಂಡು ಇಂಗ್ಲೆಂಡಿನ ಸ್ನೂಕರ್ ಆಟಗಾರ ರಾನಿ ಓ'ಸಲಿವನ್‌ನ ಆ ಹಳೆಯ 146ರ ವಿಡಿಯೊ ನೋಡುತ್ತಿದ್ದರು. 'ಏನ್ ಗತ್ತು ಮಗಾ' ಅಂತ ಒಬ್ಬ. ಹತ್ತು ನಿಮಿಷ ಕಳೆದಿಲ್ಲ, ಅವರಲ್ಲೇ ಒಬ್ಬ 38 ಪಾಯಿಂಟ್ ಹಿಂದೆ ಬಿದ್ದ. ಕ್ಯೂ ಗೋಡೆಗೆ ಒರಗಿಸಿ 'ಬಿಡೋ, ಮೂಡಿಲ್ಲ' ಅಂದುಬಿಟ್ಟ. ಟೇಬಲ್ ಮೇಲೆ ಇನ್ನೂ ನಾಲ್ಕು ರೆಡ್ ಇದ್ದವು. ರೆಡ್‌ಗೆ 1, ಅದರ ಬೆನ್ನಿಗೆ ಹಾಕುವ ಬ್ಲಾಕ್‌ಗೆ 7, ಅಲ್ಲಿಗೆ ನಾಲ್ಕೆಂಟ್ಲ ಮೂವತ್ತೆರಡು, ಮೇಲೆ ಕೊನೆಯ ಆರು ಕಲರ್ ಬಾಲುಗಳ 27. ಒಟ್ಟು 59 ಪಾಯಿಂಟ್ ಕಣ್ಣೆದುರಿಗೇ ಬಿದ್ದಿತ್ತು ಮಾರಾಯ್ರೆ! ಆ ವಿಡಿಯೊಗೂ ಈ ಹುಡುಗ ಕ್ಯೂ ಇಟ್ಟಿದ್ದಕ್ಕೂ ನೇರ ಸಂಬಂಧ ಇದೆ.

ಮರೆತವರಿಗಾಗಿ ಒಮ್ಮೆ ಹೇಳಿಬಿಡುತ್ತೇನೆ. 2016ರ ವೆಲ್ಷ್ ಓಪನ್, ಎದುರಾಳಿ ಬ್ಯಾರಿ ಪಿಂಚಸ್. ರೆಡ್, ಬ್ಲಾಕ್, ರೆಡ್, ಬ್ಲಾಕ್ ಅಂತ ಸಾಗುತ್ತಿದ್ದ ರಾನಿ ನಡುವೆ 147ಕ್ಕೆ, ಅಂದರೆ ಸಾಮಾನ್ಯವಾಗಿ ಒಂದೇ ಸರದಿಯಲ್ಲಿ ಗಳಿಸಬಹುದಾದ ಗರಿಷ್ಠಕ್ಕೆ, ಎಷ್ಟು ಬಹುಮಾನ ಅಂತ ವಿಚಾರಿಸಿದ. 10,000 ಪೌಂಡ್. ಅವನಿಗೆ ಅದು ಕಮ್ಮಿ ಅನ್ನಿಸಿತು. ಒಂದು ರೆಡ್ ಹಾಕಿದ ಮೇಲೆ ಬ್ಲಾಕ್ ಬಿಟ್ಟು ಪಿಂಕ್ ಹಾಕಿದ. 15 ರೆಡ್‌ಗೆ 15, 14 ಬ್ಲಾಕ್‌ಗೆ 98, ಆ ಒಂದು ಪಿಂಕ್‌ಗೆ 6, ಕೊನೆಯ ಆರು ಕಲರ್‌ಗೆ 27. ಕೂಡಿದರೆ 146. ಬೇಕಂತಲೇ ಮಾಡಿದ್ದು ಅಂತ ಅವನೇ ಹೇಳಿಕೊಂಡ. ವರ್ಲ್ಡ್ ಸ್ನೂಕರ್ ನಡೆಸುತ್ತಿದ್ದ ಬ್ಯಾರಿ ಹರ್ನ್ ಬಹಿರಂಗವಾಗಿಯೇ ಬೇಸರಪಟ್ಟರು. ಅದಕ್ಕೂ ಮೊದಲು, 2010ರಲ್ಲಿ ಗ್ಲಾಸ್ಗೊದಲ್ಲಿ ಮಾರ್ಕ್ ಕಿಂಗ್ ಎದುರು, 147ಕ್ಕೆ ಪ್ರತ್ಯೇಕ ಬಹುಮಾನವೇ ಇಲ್ಲ ಅಂತ ಗೊತ್ತಾಗಿ 140ಕ್ಕೆ ಕೈಕುಲುಕಿ ಹೊರಟಿದ್ದ. ರೆಫರಿ ಯಾನ್ ವರ್ಹಾಸ್ ಮನವೊಲಿಸಿದ ಮೇಲೆ ಕೊನೆಯ ಬ್ಲಾಕ್ ಹಾಕಿದ.

ರಾನಿಯ ಆಟವನ್ನು ಪ್ರಾಣದಷ್ಟು ಪ್ರೀತಿಸಿಯೇ ಇದನ್ನು ಹೇಳುತ್ತಿದ್ದೇನೆ. ಆ ಪಿಂಕ್ ನೋಡಿದಾಗಲೆಲ್ಲ ಹೊಟ್ಟೆಯೊಳಗೆ ಕಲಸಿದ ಹಾಗಾಗುತ್ತದೆ.

ಯಾಕೆ ಅಂದರೆ ಸ್ನೂಕರ್‌ನಲ್ಲಿ ನೋಡುವವನಿಗೆ ಬೇರೆ ಏನೂ ಸಿಗುವುದಿಲ್ಲ. ಕ್ರಿಕೆಟ್‌ನಲ್ಲಿ ಒಬ್ಬ ಬ್ಯಾಟ್ಸ್‌ಮನ್ ಕೈಚೆಲ್ಲಿದರೆ ಇನ್ನೂ ಹತ್ತು ಜನ ಇರುತ್ತಾರೆ, ಎದುರು ಬೌಲರ್ ಬೆವರು ಸುರಿಸುತ್ತಿರುತ್ತಾನೆ. ಇಲ್ಲಿ ಒಬ್ಬ ಟೇಬಲ್ ಹತ್ತಿರ ಇದ್ದರೆ ಇನ್ನೊಬ್ಬ ಕುರ್ಚಿಯಲ್ಲಿ ನೀರು ಕುಡಿಯುತ್ತಾ ಕೂತಿರುತ್ತಾನೆ. ಆ ಹೊತ್ತಿನಲ್ಲಿ ಇಡೀ ಆಟ ಅಂದರೆ ಆ ಒಬ್ಬ ಮನುಷ್ಯನ ಪ್ರಯತ್ನ ಮಾತ್ರ. ಅವನು ಅದನ್ನು ತೆಗೆದುಬಿಟ್ಟರೆ ಹನ್ನೆರಡು ಅಡಿ ಉದ್ದದ ಹಸಿರು ಬಟ್ಟೆ, 22 ಬಾಲು ಉಳಿಯುತ್ತವೆ.

ಇದು ನನ್ನೊಬ್ಬನ ಭಾವುಕತೆ ಅಂದುಕೊಳ್ಳಬೇಡಿ, ರೂಲ್ ಪುಸ್ತಕದಲ್ಲೇ ಇದೆ. ಆಡುವವನು ತನ್ನ ಸಾಮರ್ಥ್ಯ ಇದ್ದಷ್ಟೂ ಪ್ರಯತ್ನಪಟ್ಟು ಹೊಡೆಯಬೇಕಾದ ಬಾಲಿಗೆ ತಾಗಿಸಬೇಕು ಅಂತ ಸ್ಪಷ್ಟವಾಗಿ ಬರೆದಿದೆ. 'ಫೌಲ್ ಆಂಡ್ ಎ ಮಿಸ್' ಹುಟ್ಟಿದ್ದೇ ಅದರಿಂದ. ನಮ್ಮ ಪಾರ್ಲರ್‌ಗಳಲ್ಲಿ ಇದನ್ನು ಆಡುವವರು ಕಮ್ಮಿ, ತಾಗದಿದ್ದರೆ ನಾಲ್ಕು ಪಾಯಿಂಟ್ ಕೊಟ್ಟು ಮುಂದೆ ಹೋಗುತ್ತೇವೆ. ದೊಡ್ಡ ಆಟದಲ್ಲಿ ಹಾಗಿಲ್ಲ. ಕ್ಯೂನಿಂದ ಹೊಡೆಯುವ ವೈಟ್ ಬಾಲು ಬ್ರೌನ್ ಹಿಂದೆ ಅಡಗಿದೆ, ರೆಡ್‌ಗಳು ಆಚೆ ತುದಿಯಲ್ಲಿವೆ ಅನ್ನಿ. ಟೇಬಲ್ ಅಂಚಿನ ಒಂದು ಕುಶನ್‌ಗೆ ಬಡಿದು ಬಂದರೆ ಸುಲಭವಾಗಿ ತಾಗುತ್ತದೆ, ಆದರೆ ಗುಂಪು ಒಡೆದು ಎದುರಾಳಿಗೆ ಊಟ ಬಡಿಸಿದ ಹಾಗಾಗುತ್ತದೆ. ಎರಡು ಕುಶನ್‌ನಲ್ಲಿ ಮೆಲ್ಲಗೆ ಬಂದು ಅಂಚಿನ ರೆಡ್‌ಗೆ ಮುತ್ತಿಟ್ಟ ಹಾಗೆ ತಾಗಿದರೆ ಸೇಫ್, ಆದರೆ ಒಂದು ಇಂಚು ಕಮ್ಮಿಯಾದರೂ ಹೋಯಿತು. ಮೊದಲೆಲ್ಲ ಜಾಣರು ಬೇಕಂತಲೇ ಆ ಒಂದು ಇಂಚು ಕಮ್ಮಿ ಹೊಡೆದು, ನಾಲ್ಕು ಪಾಯಿಂಟ್ ಕೊಟ್ಟು, ಫ್ರೇಮ್ (ಮ್ಯಾಚ್‌ನ ಒಂದು ಸುತ್ತು) ಉಳಿಸಿಕೊಳ್ಳುತ್ತಿದ್ದರು. ಅದನ್ನು ತಡೆಯುವುದಕ್ಕೆ ರೆಫರಿ 'ಮಿಸ್' ಕೂಗುತ್ತಾನೆ, ಎದುರಾಳಿ ಕೇಳಿದರೆ ಬಾಲುಗಳನ್ನು ಮೊದಲು ಇದ್ದಲ್ಲೇ ಇಟ್ಟು ಮತ್ತೆ ಹೊಡೆಸುತ್ತಾನೆ. ಬಾಲು ಪೂರ್ತಿ ನೇರಕ್ಕೆ ಕಾಣುತ್ತಿದ್ದೂ ಎರಡು ಸಲ ತಪ್ಪಿದರೆ ಎಚ್ಚರಿಕೆ, ಮೂರನೇ ಸಲ ತಪ್ಪಿದರೆ ಫ್ರೇಮೇ ಹೋಯಿತು. ಒಂದು ಹೊಡೆತದಲ್ಲಿ ಪೂರ್ತಿ ಮನಸ್ಸಿಟ್ಟಿಲ್ಲ ಅಂದರೆ ಶಿಕ್ಷೆ ಕೊಡುವ ಆಟ ಇದು. ಇಡೀ ಫ್ರೇಮ್‌ನಲ್ಲಿ, ಇಡೀ ಮ್ಯಾಚ್‌ನಲ್ಲಿ ಮನಸ್ಸಿಡಬೇಕಾಗಿಲ್ಲ ಅನ್ನುವುದು ಯಾವ ನ್ಯಾಯ?

'ಅವನ ಕ್ಯೂ, ಅವನ ಇಷ್ಟ. ಪ್ರತಿ ದಿನ ಒಂದೇ ಥರ ಆಡೋಕೆ ಅವನೇನು ಮೆಷಿನ್ನಾ?' ಅಂತ ನಿನ್ನೆಯೂ ಒಬ್ಬರು ಕೇಳಿದರು. ಚೆನ್ನಾಗಿ ಆಡಲೇಬೇಕು ಅಂತ ಯಾರೂ ಹೇಳಿಲ್ಲ. ಕೈ ನಡುಗಬಹುದು, ಕ್ಯೂ ನೇರಕ್ಕೆ ಬರದಿರಬಹುದು, ಬಾಲುಗಳು ಸರಿಯಾಗಿ ತಾಗದೆ ಕಿಕ್ ಆಗಿ ವೈಟ್ ಎತ್ತಲೋ ಹಾರಬಹುದು. ಕೆಟ್ಟ ಆಟಕ್ಕೂ ಬಿಟ್ಟುಕೊಟ್ಟ ಆಟಕ್ಕೂ ಇರುವ ವ್ಯತ್ಯಾಸ ನಾಲ್ಕು ದಿನ ಕ್ಯೂ ಹಿಡಿದವರಿಗೆ ಕಾಣುತ್ತದೆ. ಪ್ರಯತ್ನದಲ್ಲಿರುವವನು ಹೊಡೆತಕ್ಕೆ ಮುಂಚೆ ಚಾಕ್ ಹಚ್ಚುತ್ತಾನೆ, ಪಾಕೆಟ್‌ಗೆ ಹಾಕಬೇಕಾದ ಬಾಲಿನ ಹಿಂದೆ ಹೋಗಿ ಪಾಕೆಟ್ ಕಡೆಗೆ ಗೆರೆ ನೋಡುತ್ತಾನೆ, ಕೈಗೆಟುಕದಿದ್ದರೆ ಕ್ಯೂಗೆ ಆಸರೆಯಾಗುವ ರೆಸ್ಟ್ ಕೋಲು ತೆಗೆದುಕೊಳ್ಳುತ್ತಾನೆ, ಮೂರು ನಾಲ್ಕು ಸಲ ಕ್ಯೂ ಆಡಿಸಿ ಹಿಂದಕ್ಕೆ ಎಳೆದು ಒಂದು ಕ್ಷಣ ನಿಲ್ಲಿಸುತ್ತಾನೆ. ಹೊಡೆದ ಮೇಲೂ ತಲೆ ಎತ್ತುವುದಿಲ್ಲ. ಬಿಟ್ಟುಕೊಟ್ಟವನು ಬಗ್ಗುವಾಗಲೇ ಹೊಡೆದಿರುತ್ತಾನೆ, ಬಾಲು ಪಾಕೆಟ್ ತಲುಪುವ ಮುಂಚೆ ಕುರ್ಚಿ ಕಡೆ ತಿರುಗಿರುತ್ತಾನೆ, ಗುಂಪಿನೊಳಕ್ಕೆ ಸುಮ್ಮನೆ ಕುಟ್ಟುತ್ತಾನೆ.

ಬಲಗೈ ಆಟಗಾರ ಎಡಗೈಯಲ್ಲಿ ಹೊಡೆಯುವುದು ಕೂಡ ಇದಕ್ಕೆ ಸೇರುವುದಿಲ್ಲ. 1996ರಲ್ಲಿ ಕೆನಡಾದ ಅಲೈನ್ ರೊಬಿಡೊ ಇದನ್ನೇ ಅವಮಾನ ಅಂದುಕೊಂಡು ರಾನಿಗೆ ಕೈಕುಲುಕಲೇ ಇಲ್ಲ. ವಿಚಾರಣೆ ನಡೆದು, ರಾನಿ ಹಳೆಯ ಆಟಗಾರ ರೆಕ್ಸ್ ವಿಲಿಯಮ್ಸ್ ಎದುರು ಎಡಗೈಯಲ್ಲೇ ಮೂರು ಫ್ರೇಮ್ ಆಡಿ ಮೂರನ್ನೂ ಗೆದ್ದು ತೋರಿಸಿದ. ಅಲ್ಲಿ ನಾನು ಪೂರ್ತಿ ರಾನಿ ಕಡೆ. ಹಾಗೇ ಪೀಟರ್ ಎಬ್ಡನ್ ಕಡೆಯೂ. 2005ರ ವಿಶ್ವ ಚಾಂಪಿಯನ್‌ಶಿಪ್ ಕ್ವಾರ್ಟರ್ ಫೈನಲ್‌ನಲ್ಲಿ 8-2 ಹಿಂದಿದ್ದ ಎಬ್ಡನ್, 12 ಪಾಯಿಂಟ್‌ನ ಒಂದು ಬ್ರೇಕ್‌ಗೆ, ಅಂದರೆ ಒಂದೇ ಸರದಿಯ ಗಳಿಕೆಗೆ, ಐದು ನಿಮಿಷಕ್ಕೂ ಹೆಚ್ಚು ತೆಗೆದುಕೊಂಡ. 1997ರಲ್ಲಿ ರಾನಿ ಒಂದು ಪೂರ್ತಿ 147 ಮುಗಿಸಿದ್ದು ಸುಮಾರು ಅಷ್ಟೇ ಹೊತ್ತಿನಲ್ಲಿ. ನೋಡುವವರಿಗೆ ಎಬ್ಡನ್ ಆಟ ಹಿಂಸೆಯಾಗಿತ್ತು, ನಿಜ. ಆದರೆ ಅವನು 13-11ರಲ್ಲಿ ರಾನಿಯನ್ನು ಸೋಲಿಸಿದ. ರಂಜಿಸು ಅಂತ ಆಟಗಾರನನ್ನು ಕೇಳುವ ಹಕ್ಕು ನನಗಿಲ್ಲ, ಬಿಡಬೇಡ ಅಂತ ಕೇಳುವ ಹಕ್ಕು ಇದೆ.

ಮನಸ್ಸಿನ ಕಾಯಿಲೆಯ ಮಾತು ಬೇರೆ. ರಾನಿ ಖಿನ್ನತೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿದ್ದಾನೆ, ಅದಕ್ಕೆ ಗೌರವವಿದೆ. 2006ರ ಯುಕೆ ಚಾಂಪಿಯನ್‌ಶಿಪ್‌ನಲ್ಲಿ ಸ್ಟೀಫನ್ ಹೆಂಡ್ರಿ ಎದುರು 4-1 ಹಿಂದಿದ್ದಾಗ, ಆರನೇ ಫ್ರೇಮ್ ನಡುವೆಯೇ ಕೈಕುಲುಕಿ ಹೊರಗೆ ನಡೆದ. 17 ಫ್ರೇಮ್‌ಗಳ ಮ್ಯಾಚ್ ಅದು. ಟಿಕೆಟ್ ಕೊಂಡು ಬಂದವರು ಖಾಲಿ ಟೇಬಲ್ ನೋಡಿದರು. ಆಮೇಲೆ ಕ್ಷಮೆ ಕೇಳಿದ, 20,800 ಪೌಂಡ್ ದಂಡವೂ ಬಿತ್ತು. ಅದೇ ಮನುಷ್ಯ 2012-13ರ ಸೀಸನ್ ಹೆಚ್ಚುಕಮ್ಮಿ ಪೂರ್ತಿ ಬಿಟ್ಟು ಮನೆಯಲ್ಲಿದ್ದ, ವಾಪಸ್ ಬಂದು 2013ರ ವಿಶ್ವ ಚಾಂಪಿಯನ್ ಆದ. ಆಗದಿದ್ದರೆ ಬರಬೇಡ, ಯಾರೂ ಏನೂ ಅನ್ನುವುದಿಲ್ಲ. ಬಂದು ನಿಂತ ಮೇಲೆ ಆಡು.

ಇನ್ನೊಂದು ಸಂಕಟ ಇದೆ. 2023ರಲ್ಲಿ ಮ್ಯಾಚ್ ಫಿಕ್ಸಿಂಗ್ ಪ್ರಕರಣದಲ್ಲಿ ಚೀನಾದ 10 ಆಟಗಾರರಿಗೆ ನಿಷೇಧವಾಯಿತು, ಲಿಯಾಂಗ್ ವೆನ್ಬೊ ಮತ್ತು ಲಿ ಹಾಂಗ್ ಇಬ್ಬರಿಗೂ ಜೀವನಪರ್ಯಂತ. 52.5 ಮಿಲಿಮೀಟರ್‌ನ ಬಾಲು ಪಾಕೆಟ್ ದವಡೆಗೆ ಬಡಿದು ವಾಪಸ್ ಬಂದಾಗ, ಬೇಸರದಿಂದ ತಪ್ಪಿತೋ ದುಡ್ಡಿಗೆ ತಪ್ಪಿತೋ ಅಂತ ನೋಡುವವನಿಗೆ ಹೇಗೆ ಗೊತ್ತಾಗಬೇಕು? 'ಮೂಡಿಲ್ಲ' ಅನ್ನುವುದನ್ನು ಗತ್ತು ಅಂತ ಒಪ್ಪಿಕೊಂಡರೆ ಕಳ್ಳನಿಗೂ ಅದೇ ನೆಪ ಸಿಗುತ್ತದೆ.

ವಿಶ್ವ ಚಾಂಪಿಯನ್‌ಶಿಪ್ ನಡೆಯುವ ಇಂಗ್ಲೆಂಡಿನ ಶೆಫೀಲ್ಡ್‌ನ ಕ್ರೂಸಿಬಲ್‌ನಲ್ಲಿ ಟೇಬಲ್‌ನ ಕಲ್ಲಿನ ಕೆಳಗೆ ಹೀಟರ್ ಇರುತ್ತದೆ. ಬಟ್ಟೆಯ ಎಳೆ ಇರುವ ದಿಕ್ಕಿಗೇ ಬ್ರಷ್ ಮಾಡಿ, ಇಸ್ತ್ರಿ ಹಾಕಿರುತ್ತಾರೆ. ರೆಫರಿ ಬಿಳಿ ಗ್ಲೌಸ್ ತೊಟ್ಟು ಬಾಲು ಒರೆಸುತ್ತಾನೆ. ಬಾಲು ನೇರಕ್ಕೆ ಉರುಳಲಿ, ಉಳಿದದ್ದು ಆಟಗಾರನ ಕೈಯಲ್ಲಿರಲಿ ಅಂತಲೇ ಇಷ್ಟೆಲ್ಲ. ನಮ್ಮಲ್ಲಿ ಜುಲೈ ಬಂತೆಂದರೆ ಉಣ್ಣೆ ಬಟ್ಟೆ ತೇವ ಕುಡಿದು ಭಾರವಾಗುತ್ತದೆ, ಬಾಲು ಅರ್ಧ ಅಡಿ ಮುಂಚೆಯೇ ಸತ್ತು ನಿಲ್ಲುತ್ತದೆ, ಚಾಕ್ ಪುಡಿ ಮೆತ್ತಿಕೊಂಡು ಕಿಕ್ ಹೆಚ್ಚಾಗುತ್ತದೆ. ಎಳೆಗೆ ಎದುರಾಗಿ ಮೆಲ್ಲಗೆ ಹೊಡೆದರೆ ಪಾಕೆಟ್ ಹತ್ತಿರ ಹೋಗಿ ಪಕ್ಕಕ್ಕೆ ಜಾರುತ್ತದೆ. ಅಂಥ ಟೇಬಲ್ ಮೇಲೂ ನಮ್ಮ ಹುಡುಗರು ಯೆಲ್ಲೊ ಒಂದಕ್ಕೆ ಹತ್ತು ನಿಮಿಷ ಎದುರಾಳಿಗೆ ಅವಕಾಶ ಕೊಡದ ಹಾಗೆ ಸೇಫ್ಟಿ ಆಡುತ್ತಾರೆ, ಸೋತವನೇ ಟೇಬಲ್ ದುಡ್ಡು ಕೊಡಬೇಕಲ್ಲ! ಹಾಸನದಲ್ಲೂ ಇದೇ ಕಥೆ. ಕೋಚ್ ಅಂತ ಯಾರೂ ಇಲ್ಲ, ನೋಡಿಯೇ ಕಲಿಯುವುದು. ಏಪ್ರಿಲ್‌ನಲ್ಲಿ ಶೆಫೀಲ್ಡ್‌ನ ಸಂಜೆ ಏಳರ ಆಟ ಇಲ್ಲಿ ರಾತ್ರಿ 11:30ಕ್ಕೆ ಶುರು. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವರು ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡು ಕೂರುತ್ತಾರೆ. ಅವರಿಗೆ ತೋರಿಸಬೇಕಾದದ್ದು ಆ ಪಿಂಕಾ?

ತೋರಿಸುವುದಾದರೆ 1985ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ತೋರಿಸಿ. ಡೆನಿಸ್ ಟೇಲರ್ 0-8 ಹಿಂದಿದ್ದ. ಎಳೆದೂ ಎಳೆದೂ 17-17 ಮಾಡಿದ. ಕೊನೆಯ ಫ್ರೇಮ್‌ನಲ್ಲಿ ಸ್ಟೀವ್ ಡೇವಿಸ್ 62, ಟೇಲರ್ 44. 18 ಹಿಂದೆ, ಟೇಬಲ್ ಮೇಲೆ ಬ್ರೌನ್, ಬ್ಲೂ, ಪಿಂಕ್, ಬ್ಲಾಕ್ ಸೇರಿ ಬರೀ 22. ನಾಲ್ಕೂ ಬೇಕು, ಒಂದೂ ಬಿಡುವ ಹಾಗಿಲ್ಲ. ಮೂರು ಹಾಕಿದ, ಬ್ಲಾಕ್‌ಗೆ ಇಬ್ಬರೂ ಒದ್ದಾಡಿದರು, ಕೊನೆಗೆ ಟೇಲರ್ ಹಾಕಿದ. ಬ್ರಿಟನ್‌ನಲ್ಲಿ ಮಧ್ಯರಾತ್ರಿ ಕಳೆದ ಮೇಲೂ 1.85 ಕೋಟಿ ಜನ ಟಿವಿ ಮುಂದೆ ಕೂತಿದ್ದರು.

ನಿನ್ನೆಯ ಹುಡುಗನಿಗೆ ಬೇಕಿದ್ದದ್ದು 39, ಅಲ್ಲಿದ್ದದ್ದು 59. ಅವನು ಹೋದ ಮೇಲೆ ಟೇಬಲ್ ಹತ್ತಿರ ನಿಂತು ನೋಡಿದೆ. ನಾಲ್ಕರಲ್ಲಿ ಒಂದು ರೆಡ್ ಎಡಗಡೆಯ ನಡು ಪಾಕೆಟ್‌ನ ಬಾಯಲ್ಲೇ ಇತ್ತು, ವೈಟ್‌ನಿಂದ ಎರಡಡಿ ದೂರ, ನೇರಕ್ಕೆ.