ಚೆಂದದ ಎಂಜಿನ್ನೋ, ನೆಚ್ಚಬಹುದಾದ ಎಂಜಿನ್ನೋ?

ಮಾಡೆಲ್ ರೈಲಿನ (ನಿಜವಾದ ರೈಲಿನ ಪುಟ್ಟ ಪ್ರತಿರೂಪ, ಕರೆಂಟಿನಲ್ಲಿ ಓಡುವಂಥದ್ದು) ಹುಚ್ಚು ನನಗೆ ಹಿಡಿದದ್ದು ನಾಡು ಬಿಟ್ಟ ಮೇಲೆ. ಕೆಲಸಕ್ಕೆಂದು ಮೊದಲು ಇಂಗ್ಲೆಂಡಿಗೆ ಬಂದೆ, ಏಳು ವರ್ಷ ಅಲ್ಲಿದ್ದೆ, ಆಮೇಲೆ ಜರ್ಮನಿಗೆ ಬಂದವನು ಇಲ್ಲೇ ಉಳಿದುಬಿಟ್ಟೆ. ಎರಡೂ ಕಡೆ ಮಾಡೆಲ್ ರೈಲಿನ ಕ್ಲಬ್ಬು ಸೇರಿದೆ. ಎರಡೂ ಕಡೆ ಜನ ಒಂದು ಎಂಜಿನ್ನನ್ನು ಕೈಗೆ ತೆಗೆದುಕೊಂಡು "ಇದು ಒಳ್ಳೆಯದು" ಅನ್ನುತ್ತಾರೆ. ಆದರೆ ಅವರ ಒಳ್ಳೆಯದು ಬೇರೆ, ಇವರ ಒಳ್ಳೆಯದು ಬೇರೆ. ಇಷ್ಟು ಗೊತ್ತಾಗುವ ಹೊತ್ತಿಗೆ ನನ್ನ ಜೇಬಿಗೆ ಸಾಕಷ್ಟು ಕತ್ತರಿ ಬಿದ್ದಿತ್ತು.

ಇಂಗ್ಲೆಂಡಿನ ಗೆಳೆಯರು ಮೊದಲು ನೋಡುವುದು ರೂಪ. ಬಾಯ್ಲರ್ ಮುಂಭಾಗದ ಆಕಾರ ಸರಿಯಿದೆಯಾ, ಹಸಿರು ಬಣ್ಣ ಆ ರೈಲ್ವೆಯ ಆ ಕಾಲದ ಹಸಿರೇ ಹೌದಾ, ಹಿಡಿಕಂಬಿ ಅಚ್ಚಿನಲ್ಲೇ ಮೂಡಿದ್ದಾ ಅಥವಾ ತಂತಿಯಲ್ಲಿ ಬೇರೆಯಾಗಿ ಮಾಡಿ ಕೂರಿಸಿದ್ದಾ, ಇಂಥದ್ದೇ ಮಾತು. ಇಂಥವರಿಗೆ 'ರಿವೆಟ್ ಎಣಿಸುವವರು' ಅಂತ ತಮಾಷೆಯ ಹೆಸರೂ ಇದೆ. ನಾನೇನೂ ಅವರನ್ನು ಆಡಿಕೊಳ್ಳುತ್ತಿಲ್ಲ, ನೋಡುವ ಕಣ್ಣು ನನಗೆ ಬಂದದ್ದೇ ಅವರಿಂದ. ಆದರೆ ಒಂದು ಮಾತು ಹೇಳಲೇಬೇಕು. ಅವರ ಓಓ ಅನ್ನುವ ಅಳತೆಯಲ್ಲಿ ಎಂಜಿನ್ ನಿಜವಾದದ್ದರ 76.2ರಲ್ಲಿ ಒಂದು ಪಾಲು, ಹಳಿಯ ಅಗಲ ಮಾತ್ರ 87ರಲ್ಲಿ ಒಂದು ಪಾಲಿನ ಎಚ್ಓ ಅನ್ನುವ ಇನ್ನೊಂದು ಅಳತೆಗೆ ಹೊಂದುವ 16.5 ಮಿಲಿಮೀಟರ್. ನಿಜವಾದ ಹಳಿಯ ಲೆಕ್ಕಕ್ಕೆ ಹಿಗ್ಗಿಸಿದರೆ 1,435 ಮಿಲಿಮೀಟರ್ ಇರಬೇಕಾದ ಹಳಿ 1,257ಕ್ಕೇ ನಿಲ್ಲುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ಗೇಣು ಅಗಲ ಕಡಿಮೆ ಇರುವ ಹಳಿಯ ಮೇಲೆ ಎಂಜಿನ್ ನಿಲ್ಲಿಸಿಕೊಂಡು ರಿವೆಟ್ ಒಂದು ಕಡಿಮೆ ಆಯ್ತು ಅಂತ ಜಗಳ ಆಡುತ್ತಾರೆ! ಕಣ್ಣು ಯಾವುದನ್ನು ನೋಡಬೇಕು ಅಂತ ಅಂದುಕೊಂಡಿರುತ್ತದೋ ಅದನ್ನೇ ನೋಡುತ್ತದೆ, ಅಷ್ಟೆ.

ನಾನೂ ಹಾಗೇ ಕಣ್ಣು ನಂಬಿ ಒಂದು ಉಗಿ ಎಂಜಿನ್ ತಂದೆ. ಯಾವ ಕಂಪನಿಯದ್ದು ಅಂತ ಹೇಳುವುದಿಲ್ಲ. ನೋಡಲು ಬಲು ನಾಜೂಕು. ನಾಲ್ಕು ಸಲ ಓಡಿಸಿ, ಪೆಟ್ಟಿಗೆಯಲ್ಲಿಟ್ಟು, ಮನೆ ಬದಲಿಸುವ ಗಡಿಬಿಡಿಯಲ್ಲಿ ಮರೆತೆ. ಎರಡು ವರ್ಷ ಬಿಟ್ಟು ಹಳಿಗಿಟ್ಟರೆ ಟಕ್, ಟಕ್, ಟಕ್. ಚಕ್ರ ಒಂದು ಸುತ್ತು ತಿರುಗಿದರೆ ಒಂದು ಟಕ್. ಬಿಚ್ಚಿ ನೋಡಿದೆ. ಚಕ್ರದ ಅಚ್ಚಿನ (ಆ್ಯಕ್ಸಲ್) ಮೇಲಿನ ಪ್ಲಾಸ್ಟಿಕ್ ಗೇರ್ ಸೀಳಿತ್ತು. ಇದು ಓಡಿಸಿ ಸವೆದದ್ದಲ್ಲ. ಗೇರಿನ ತೂತಿಗಿಂತ ಕೂದಲೆಳೆಯಷ್ಟು ದಪ್ಪಗಿರುವ ಲೋಹದ ಅಚ್ಚನ್ನು ಒತ್ತಿ ಕೂರಿಸಿರುತ್ತಾರೆ, ಪ್ಲಾಸ್ಟಿಕ್ ಹಗಲೂ ರಾತ್ರಿ ಬಿಗಿಯಲ್ಲೇ ಇರುತ್ತದೆ, ಒಂದು ದಿನ ಸುಮ್ನೆ ಪೆಟ್ಟಿಗೆಯಲ್ಲಿ ಮಲಗಿದ್ದಲ್ಲೇ ಬಿರಿಯುತ್ತದೆ. ಬಿರುಕು ಬಿಟ್ಟ ಕಡೆ ಎರಡು ಹಲ್ಲಿನ ನಡುವೆ ಜಾಗ ಜಾಸ್ತಿಯಾಗಿ ಆ ಟಕ್ ಸದ್ದು.

ಅವತ್ತೇ ನನಗೆ ಹೊಳೆದದ್ದು, ಗುಣಮಟ್ಟ ಬೇರೆ, ನೆಚ್ಚಿಕೆ ಬೇರೆ. ಗುಣಮಟ್ಟ ಮೊದಲ ದಿನವೇ ಕಣ್ಣಿಗೆ ಕಾಣುತ್ತದೆ. ನೆಚ್ಚಿಕೆ ಕಾಣುವುದಿಲ್ಲ, ಅದನ್ನು ಕೆದಕಿ ಹುಡುಕಬೇಕು.

ಜರ್ಮನಿಗೆ ಬಂದ ಮೇಲೆ ಕ್ಲಬ್ಬಿನಲ್ಲಿ ಹಿರಿಯರೊಬ್ಬರಿಗೆ ನನ್ನ ಇನ್ನೊಂದು ಎಂಜಿನ್ ತೋರಿಸಿದೆ. ಅವರು ಅದರ ಮುಖವನ್ನೇ ನೋಡಲಿಲ್ಲ! ನೇರ ತಲೆಕೆಳಗೆ ಮಾಡಿದರು. ಸ್ಕ್ರೂ ಎಷ್ಟಿದೆ, ಎಲ್ಲಿದೆ, ಮೇಲಿನ ಕವಚ ತೆಗೆಯಲು ಏನನ್ನಾದರೂ ಮುರಿಯಬೇಕಾ, ಹಳಿಯಲ್ಲಿ ಹರಿಯುವ ಕರೆಂಟನ್ನು ಎಷ್ಟು ಚಕ್ರದಿಂದ ತೆಗೆದುಕೊಳ್ಳುತ್ತದೆ, ಗೇರಿಗೆ ಎಣ್ಣೆ ಬಿಡಲು ದಾರಿ ಇದೆಯಾ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಬಿಡಿಭಾಗದ ಪಟ್ಟಿ ಎಲ್ಲಿ?" ನನ್ನ ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ಚೀಟಿ ಇತ್ತು, ಆ ಎಂಜಿನ್ನಿನ ಇತಿಹಾಸ ಇತ್ತು, ಪಟ್ಟಿ ಇರಲಿಲ್ಲ. ಅವರ ಎಂಜಿನ್ನುಗಳ ಕೈಪಿಡಿ ತೆಗೆದರೆ ಪ್ರತಿ ಭಾಗವನ್ನೂ ಬಿಡಿಬಿಡಿಯಾಗಿ ಬರೆದ ಚಿತ್ರ, ಪ್ರತಿಯೊಂದಕ್ಕೂ ನಂಬರು.

ಇಲ್ಲಿನ ಹಳೆಯ ತಲೆಗಳ ಯೋಚನೆ ಹೀಗೆ ಬೆಳೆದದ್ದಕ್ಕೆ ಕಾರಣ ಇದೆ. ಗ್ಯೋಪಿಂಗೆನ್‌ನ ಮ್ಯಾರ್ಕ್ಲಿನ್ 1859ರಲ್ಲಿ ಶುರುವಾದ ಕಂಪನಿ. ಅದರ ಎಚ್ಓ ರೈಲಿಗೆ ಇವತ್ತಿಗೂ ಮೂರು ಹಳಿಯ ಪದ್ಧತಿ. ಮೂರನೆಯದು ಕಂಬಿಯಲ್ಲ, ಹಳಿಯ ನಡುವೆ ಸಾಲಾಗಿ ಇರುವ ಪುಟ್ಟ ಲೋಹದ ಚುಕ್ಕಿಗಳು, ಎಂಜಿನ್ನಿನ ಹೊಟ್ಟೆಯ ಕೆಳಗೆ ಒಂದು ಲೋಹದ ಪಟ್ಟಿ ಅವನ್ನು ಸವರಿಕೊಂಡು ಹೋಗುತ್ತದೆ. ನೋಡಲು ಚೆಂದವಿಲ್ಲ, ನಿಜವಾದ ರೈಲಿಗೆ ಅಂಥದ್ದು ಇರುವುದೂ ಇಲ್ಲ. ಆದರೆ ಎರಡೂ ಬದಿಯ ಹಳಿ ಒಂದೇ ತಂತಿಯ ಕೆಲಸ ಮಾಡುವುದರಿಂದ ಒಂದು ಬದಿಯ ಚಕ್ರಕ್ಕೆ ಕೊಳೆ ಮೆತ್ತಿದರೂ ಇನ್ನೊಂದು ಬದಿ ಕೈ ಹಿಡಿಯುತ್ತದೆ. ಎರಡು ಹಳಿಯವರು (ಒಂದೊಂದು ಹಳಿಯೂ ಒಂದೊಂದು ಬೇರೆ ತಂತಿಯಂತಿರುವ ಪದ್ಧತಿಯವರು) ದಿನಾ ಹಳಿ ಉಜ್ಜುತ್ತಾ ಕೂತಿರುವಾಗ ಇವರ ರೈಲು ಓಡುತ್ತಿರುತ್ತದೆ. ಅಂದವನ್ನು ಸ್ವಲ್ಪ ಬಿಟ್ಟುಕೊಟ್ಟು ನೆಚ್ಚಿಕೆ ಪಡೆದುಕೊಂಡ ಜನ ಇವರು. ಇಂಗ್ಲೆಂಡಿನ ನನ್ನ ಗೆಳೆಯರಿಗೆ ಆ ಚುಕ್ಕಿ ತೋರಿಸಿದರೆ ಮುಖ ಕಿವುಚುತ್ತಾರೆ.

ಹಾಗಂತ ಜರ್ಮನರ ಮಾತನ್ನೂ ಪೂರ್ತಿ ಒಪ್ಪುವವನಲ್ಲ ನಾನು. ಇವರಿಗೆ ತೂಕ ಅಂದರೆ ಪ್ರಾಣ. ಕೈಯಲ್ಲಿ ಭಾರ ಅನ್ನಿಸಿತೋ, ಲೋಹದ ಮೈ ಇತ್ತೋ, ಮುಗಿಯಿತು, ಗಟ್ಟಿ ಮಾಲು ಅಂತ ತೀರ್ಪು. ಭಾರ ಇದ್ದರೆ ಹಳಿಯ ಮೇಲೆ ಹಿಡಿತ ಹೆಚ್ಚು ಅನ್ನುವುದು ನಿಜ. ಆದರೆ ಆ ಲೋಹ ಸತುವಿನ ಮಿಶ್ರಲೋಹ. ಎರಕ ಹೊಯ್ಯುವಾಗ ಅದರಲ್ಲಿ ಸೀಸದಂಥದ್ದು ಒಂದಿಷ್ಟು ಬೆರೆತರೆ ವರ್ಷಗಳ ಮೇಲೆ ಒಳಗೊಳಗೇ ತುಕ್ಕಿನಂತೆ ತಿನ್ನುತ್ತಾ ಹೋಗುತ್ತದೆ. ಮೊದಲು ಉಬ್ಬುತ್ತದೆ, ಆಮೇಲೆ ಬಾಗುತ್ತದೆ, ಕೊನೆಗೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಮದ್ದಿಲ್ಲ. ಹಿಂದಿನ ಕಾಲದ ರೋಗ ಅಂದುಕೊಂಡಿದ್ದೆವು, ಈ ಶತಮಾನದ ಎಂಜಿನ್ನುಗಳಲ್ಲೂ ಬಂತು. ನೋಡಲು ಕಲ್ಲಿನಂತಿರುವುದು ಒಳಗೆ ಟೊಳ್ಳಾಗುತ್ತಿರಬಹುದು, ಪ್ಲಾಸ್ಟಿಕ್ ಮೈಯದ್ದೇ ಎಷ್ಟೋ ವಾಸಿ ಅನ್ನಿಸುವ ದಿನಗಳೂ ಇವೆ.

ಅಮೆರಿಕದವರ ದಾರಿ ಬೇರೆ. ನಾನು ಅಲ್ಲಿ ಇದ್ದವನಲ್ಲ, ಅವರ ಪತ್ರಿಕೆ ಓದಿ ಕಲಿತವನು. 1934ರಲ್ಲಿ ಶುರುವಾದ 'ಮಾಡೆಲ್ ರೈಲ್‌ರೋಡರ್' ಪತ್ರಿಕೆಯ ವಿಮರ್ಶೆಗಳಲ್ಲಿ ಎಂಜಿನ್ ಎಷ್ಟು ಎಳೆಯುತ್ತದೆ, ತೀರಾ ನಿಧಾನಕ್ಕೆ ಎಷ್ಟು ವೇಗದಲ್ಲಿ ತೆವಳುತ್ತದೆ ಅಂತ ಅಂಕಿ ಕೊಡುವ ರೂಢಿ ಇತ್ತು. ಉದ್ದುದ್ದ ರೈಲು ಎಳೆಸುವ ಜನ, ಎರಡು ಮೂರು ಎಂಜಿನ್ ಒಟ್ಟಿಗೆ ಕಟ್ಟುತ್ತಾರೆ, ಹಾಗಾಗಿ ಒಂದರ ವೇಗ ಇನ್ನೊಂದಕ್ಕೆ ಹೊಂದಲೇಬೇಕು. ಅವರ ಡೀಸೆಲ್ ಎಂಜಿನ್ನಿನ ಉದ್ದನೆಯ ಮೈ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ: ನಡುವೆ ಮೋಟಾರು, ಎರಡೂ ತುದಿಗೆ ಫ್ಲೈವೀಲ್ (ಓಟ ತಟ್ಟನೆ ಏರಿಳಿಯದಂತೆ ಕಾಯುವ ಭಾರದ ಗಾಲಿ), ಎರಡೂ ಬೋಗಿಗೆ (ಚಕ್ರಗಳನ್ನು ಹೊತ್ತ ಚೌಕಟ್ಟು) ಶಾಫ್ಟು, ಎಲ್ಲ ಚಕ್ರವೂ ತಿರುಗುತ್ತದೆ, ಎಲ್ಲ ಚಕ್ರವೂ ಕರೆಂಟ್ ತರುತ್ತದೆ. ಪುಟ್ಟ ಉಗಿ ಎಂಜಿನ್ನಿಗೆ ಆ ಭಾಗ್ಯ ಎಲ್ಲಿ? ಆರೇ ಚಕ್ರ, ಹಿಡಿತಕ್ಕೆ ಅಂತ ಎರಡಕ್ಕೆ ರಬ್ಬರ್ ಟೈರ್ ಹಾಕಿದರೆ ಕರೆಂಟ್ ತರಲು ಉಳಿದದ್ದು ನಾಲ್ಕು. ಪಾಯಿಂಟಿನ (ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗ) ನಡುವಿನ ಪ್ಲಾಸ್ಟಿಕ್ ತುಂಡಿನ ಮೇಲೆ ಬಂದಾಗ ಅದು ತಟಸ್ಥವಾಗಿ ನಿಂತರೆ ಬೈಯುವುದು ಯಾರನ್ನು? ಅದಕ್ಕೇ ಡೀಸೆಲ್ಲಿಗೂ ಉಗಿಗೂ ಒಂದೇ ತಕ್ಕಡಿ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ಜಪಾನಿನವರದ್ದು 9 ಮಿಲಿಮೀಟರ್ ಹಳಿಯ ಎನ್ ಅಳತೆ. ನೆಲದ ಮೇಲೆ ಹಳಿ ಜೋಡಿಸಿ, ಆಡಿ, ಎತ್ತಿಡುವವರು ಜಾಸ್ತಿ, ಹಾಗಾಗಿ ಪೆಟ್ಟಿಗೆಯಿಂದ ತೆಗೆದ ತಕ್ಷಣ ಪ್ರತಿಸಲ ಒಂದೇ ಥರ ಓಡಬೇಕು. ನನ್ನ ಬಳಿ ಅಂಥದ್ದು ಎರಡಿವೆ, ಅವುಗಳ ಬಗ್ಗೆ ಬರೆಯಲು ಏನೂ ಇಲ್ಲ. ಅದೇ ಅವುಗಳ ಹೆಚ್ಚುಗಾರಿಕೆ.

ಇಷ್ಟೆಲ್ಲ ನೋಡಿ ನಾನು ಮಾಡಿಕೊಂಡಿರುವ ಪರೀಕ್ಷೆ ಒಂದೇ, ಬಲು ಸರಳ. ಒಂದು ಮೀಟರ್ ಹಳಿ, ಒಂದು ಗಡಿಯಾರ. ಎಚ್ಓ ಎಂಜಿನ್ ಗಂಟೆಗೆ 100 ಕಿಲೋಮೀಟರಿಗೆ ಸಮನಾದ ವೇಗದಲ್ಲಿ ಹೋದರೆ ಒಂದು ಮೀಟರನ್ನು ಸುಮಾರು 3 ಸೆಕೆಂಡಿನಲ್ಲಿ ದಾಟುತ್ತದೆ. ಅದು ಬೇಡ, ಎಂಥ ಕೆಟ್ಟ ಎಂಜಿನ್ನೂ ಜೋರಾಗಿ ಓಡುತ್ತದೆ. ಗಂಟೆಗೆ 5 ಕಿಲೋಮೀಟರಿಗೆ ಇಳಿಸಿ, ಅಂದರೆ ಒಂದು ಮೀಟರ್ ದಾಟಲು 63 ಸೆಕೆಂಡ್ ಹಿಡಿಯಬೇಕು. ಓಓ ಆದರೆ 55, 160ರಲ್ಲಿ ಒಂದು ಪಾಲಿನ ಎನ್ ಆದರೆ 115. ಈ ನಡಿಗೆಯಲ್ಲಿ ಎಲ್ಲ ಗುಟ್ಟೂ ರಟ್ಟಾಗುತ್ತದೆ. ಚಕ್ರ ಪ್ರತಿ ಸುತ್ತಿಗೆ ಒಂದೇ ಕಡೆ ತಡವರಿಸಿದರೆ ಗೇರೋ ಚಕ್ರಗಳನ್ನು ಜೋಡಿಸುವ ಸರಳೋ ಬಿಗಿ. ಎಲ್ಲೆಂದರಲ್ಲಿ ನಿಂತರೆ ಕರೆಂಟ್ ಸರಿ ಸಿಗುತ್ತಿಲ್ಲ. ಕುಂಟಿದ ಹಾಗೆ ಮೈ ಆಡಿಸಿದರೆ ಎಡಬಲದ ಚಕ್ರಗಳ ಕೋನ ತಪ್ಪಿದೆ. ಮುಂದಕ್ಕೆ ಚೆನ್ನಾಗಿ ಹೋಗಿ ಹಿಂದಕ್ಕೆ ಮಾತ್ರ ಮುಗ್ಗರಿಸುವುದೂ ಉಂಟು, ಎರಡೂ ಕಡೆ ಓಡಿಸಿಯೇ ನೋಡಬೇಕು. ಹೊಸದಾದರೆ ಮೊದಲು ಅರ್ಧರ್ಧ ಗಂಟೆ ಎರಡೂ ದಿಕ್ಕಿಗೆ ಓಡಿಸಿ ಆಮೇಲೆ ಪರೀಕ್ಷೆ, ಇಲ್ಲದಿದ್ದರೆ ಪಾಪ, ಅದಕ್ಕೆ ಅನ್ಯಾಯ.

ಈಗಿನ ಡಿಸಿಸಿ (ಹಳಿಯ ಮೂಲಕ ಡಿಜಿಟಲ್ ಆಜ್ಞೆ ಕಳಿಸಿ ನಡೆಸುವ) ಎಂಜಿನ್ನುಗಳಲ್ಲಿ ಒಂದು ತೊಡಕಿದೆ. ಆ ಆಜ್ಞೆ ಓದಿ ಮೋಟಾರು ನಡೆಸುವ ಒಳಗಿನ ಡಿಕೋಡರ್ ಬಲು ಜಾಣ. ಮೋಟಾರು ತಡವರಿಸಿದರೆ ಅದು ತಕ್ಷಣ ಅರಿತು ಹೆಚ್ಚು ಕರೆಂಟ್ ಕೊಟ್ಟು ವೇಗ ಕಾಯುತ್ತದೆ, ಬಿಗಿಯಾದ ಗೇರೂ ಹೊರಗೆ ಸಲೀಸಾಗಿ ಕಾಣುತ್ತದೆ. ಒಂದಿಷ್ಟು ಕರೆಂಟ್ ಕೂಡಿಡುವ ಕೆಪಾಸಿಟರ್ ಇದ್ದರೆ ಹಳಿಯ ಕರೆಂಟ್ ಒಂದೆರಡು ಸೆಕೆಂಡ್ ತಪ್ಪಿದರೂ ಗೊತ್ತೇ ಆಗುವುದಿಲ್ಲ. ಇನ್ನು ಶಬ್ದದ ಚಿಪ್ಪು ಇದ್ದರಂತೂ ಉಗಿಯ ಛಕ್‌ಛಕ್ ನಡುವೆ ಗೇರಿನ ಕರಕರ ಕೇಳುವುದುಂಟೇ! ಇವೆಲ್ಲ ಬೇಡ ಅನ್ನುತ್ತಿಲ್ಲ, ನನಗೂ ಇಷ್ಟ. ಆದರೆ ಎಂಜಿನ್ ಹೇಗಿದೆ ಅಂತ ನೋಡುವಾಗ ಶಬ್ದ ಬಂದ್ ಮಾಡಿ, ಆ ವೇಗ ಕಾಯುವ ಸೌಲಭ್ಯವನ್ನೂ ನಿಲ್ಲಿಸಿ, ಆಗ ಓಡಿಸಿ. ಮೇಕಪ್ ತೆಗೆದ ಮುಖ ಆಗ ಕಾಣುತ್ತದೆ.

ಬ್ರ್ಯಾಂಡ್ ಹೆಸರಿನ ವಿಷಯ. "ಆ ಕಂಪನಿಯದ್ದು ಕಣ್ಣು ಮುಚ್ಚಿ ತಗೊಳ್ಳಿ" ಅನ್ನುವವರು ಎಲ್ಲ ದೇಶದಲ್ಲೂ ಸಿಗುತ್ತಾರೆ, ಈ ಒಂದು ವಿಷಯದಲ್ಲಿ ಮಾತ್ರ ಜಗತ್ತು ಒಂದೇ. ಆದರೆ ಪೈಪೋಟಿಯ ಹಲವು ಬ್ರ್ಯಾಂಡುಗಳ ಮಾಲು ಚೀನಾದ ಒಂದೇ ಕಾರ್ಖಾನೆಯಿಂದ ಬಂದ ಕಾಲವೂ ಇತ್ತು, ಒಂದೇ ಬ್ರ್ಯಾಂಡಿನ ಎರಡು ಎಂಜಿನ್ ಎರಡು ಬೇರೆ ಕಾರ್ಖಾನೆಯದ್ದಾಗಿರುವುದೂ ಇದೆ. ಹಾಗಾಗಿ ನಾನು ಕೇಳುವುದು ಕಂಪನಿ ಯಾವುದು ಅಂತಲ್ಲ, ಈ ಮಾದರಿಯಲ್ಲಿ ಈ ವರ್ಷ ತಯಾರಾದದ್ದನ್ನು ಯಾರಾದರೂ ಬಿಚ್ಚಿದ್ದಾರಾ ಅಂತ. ಹೊಸ ಎಂಜಿನ್ ಬಂದ ವಾರವೇ ಬರೆಯುವ ವಿಮರ್ಶೆಯಿಂದ ರೂಪ ತಿಳಿಯುತ್ತದೆ, ನೆಚ್ಚಿಕೆ ತಿಳಿಯಲು ಐದು ವರ್ಷ ಓಡಿಸಿದವನ ಕೈಯ ಎಣ್ಣೆ ಕಲೆ ನೋಡಬೇಕು.

ಹಳೆಯದನ್ನು ಕೊಳ್ಳುವವರಿಗೂ ಒಂದು ಮಾತು. "ಒಮ್ಮೆಯೂ ಓಡಿಸಿಲ್ಲ, ಪೆಟ್ಟಿಗೆ ಬಿಚ್ಚಿಲ್ಲ" ಅಂದರೆ ಜನ ಬಾಯಿ ಬಿಡುತ್ತಾರೆ. ನಾನು ಹಿಂದೆ ಸರಿಯುತ್ತೇನೆ. ಇಪ್ಪತ್ತು ವರ್ಷ ಕದಲದೆ ಕೂತ ಎಂಜಿನ್ನಿನಲ್ಲಿ ಗ್ರೀಸು ಮೇಣದಂತೆ ಗಟ್ಟಿಯಾಗಿರುತ್ತದೆ, ಪೆಟ್ಟಿಗೆಯ ಸ್ಪಂಜು ಕರಗಿ ಬಣ್ಣಕ್ಕೆ ಅಂಟಿರುತ್ತದೆ, ಗೇರು ಬಿರಿದಿದ್ದರೂ ಯಾರಿಗೂ ಗೊತ್ತಿರುವುದಿಲ್ಲ. ತಿಂಗಳಿಗೊಮ್ಮೆ ಓಡಿದ, ಚಕ್ರ ಸ್ವಲ್ಪ ಸವೆದ, ಬಣ್ಣ ಅಲ್ಲಲ್ಲಿ ಹೋದ ಎಂಜಿನ್ನೇ ನನಗೆ ಸಾಕು, ಅದರ ರೋಗಗಳೆಲ್ಲ ಆಗಲೇ ಹೊರಗೆ ಬಂದಿರುತ್ತವೆ ಅಲ್ವಾ.

ಕ್ಲಬ್ಬಿನ ಆ ಹಿರಿಯರಿಗೆ ಈ ಮೀಟರ್ ಪರೀಕ್ಷೆ ಹೇಳಿದಾಗ ನಕ್ಕರು. ಆಮೇಲೆ ಕಪಾಟಿನಿಂದ 3000 ನಂಬರಿನ ಪುಟ್ಟ ಮ್ಯಾರ್ಕ್ಲಿನ್ ಟ್ಯಾಂಕ್ ಎಂಜಿನ್ (ನೀರಿನ ತೊಟ್ಟಿ ಎಂಜಿನ್ನಿನ ಮೈಮೇಲೇ ಇರುವ ಉಗಿ ಎಂಜಿನ್ನಿನ ಮಾದರಿ) ತೆಗೆದರು, ಬಾಲ್ಯದಿಂದ ಇಟ್ಟುಕೊಂಡದ್ದಂತೆ. ಹಳೆಯ ಮೋಟಾರು, ಫ್ಲೈವೀಲ್ ಇಲ್ಲ, ಡಿಕೋಡರ್ ಇಲ್ಲ. ನನ್ನ ಪರೀಕ್ಷೆಯಲ್ಲಿ ಅದು ಹೀನಾಯವಾಗಿ ಸೋತಿತು, 63 ಸೆಕೆಂಡ್ ಹಾಗಿರಲಿ, ಹದಿನೈದಕ್ಕಿಂತ ನಿಧಾನ ಅದಕ್ಕೆ ಬರುವುದೇ ಇಲ್ಲ. ಅವರು ಒಂದು ತೊಟ್ಟು ಎಣ್ಣೆ ಬಿಟ್ಟು, ಹತ್ತು ವ್ಯಾಗನ್ ಕಟ್ಟಿ, ಸ್ವಿಚ್ ತಿರುಗಿಸಿ ಕಾಫಿಗೆ ಹೋದರು. ನಾವು ವಾಪಸ್ ಬಂದಾಗಲೂ ಅದು ಸುತ್ತುತ್ತಲೇ ಇತ್ತು.